ಅಪೊಲ್ಲೋಸನು ಕಿವಿಗೊಟ್ಟದ್ದು

ಪಾಠಭಾಗ: ಅಪೊಸ್ತಲರ ಕೃತ್ಯಗಳು 18: 24–28



ಅಲೆಕ್ಸಾಂದ್ರಿಯದ ಅಪೊಲ್ಲೋಸನು ದೊಡ್ಡ ಪಂಡಿತನು, ಮಾತಿನಲ್ಲಿಯೂ ಬಲವುಳ್ಳವನು. ಎಫೆಸದಲ್ಲಿ ಅವನು ಅಂಜದೆ ಯೇಸುವಿನ ವಿಷಯವಾಗಿ ಬೋಧಿಸುತ್ತಿದ್ದನು. ಆದರೂ ಯೋಹಾನನ ದೀಕ್ಷಾಸ್ನಾನದಿಂದಾಚೆಗೆ ಅವನಿಗೆ ತಿಳಿದಿರಲಿಲ್ಲ. ಅದನ್ನು ಕಂಡುಕೊಂಡವರು ಗುಡಾರದ ಕಸಬಿನಿಂದ ಹೊಟ್ಟೆ ಹೊರೆಯುತ್ತಿದ್ದ ಪ್ರಿಸ್ಕಿಲ್ಲಳೂ ಅಕ್ವಿಲನೂ. ಅವರು ಕೂಡಿದ ಜನರ ಮುಂದೆ ಅವನ ಮಾನ ಕಳೆಯದೆ, ತಮ್ಮ ಮನೆಗೆ ಕರೆದು ತಿಳಿಸಿದರು. ಪಂಡಿತನಾದ ಆತನು ಕಸಬಿನವರ ಮಾತನ್ನು, ಅದರಲ್ಲಿಯೂ ಒಬ್ಬ ಸ್ತ್ರೀಯ ಮಾತನ್ನು, ಕುಳಿತು ಕೇಳಿದನು. ಇದರಿಂದ ಅವನ ನಂಬಿಕೆ ಸಡಿಲವಾಯಿತೋ? ಇಲ್ಲ, ಮುಂದೆ ಅಖಾಯಕ್ಕೆ ಹೋಗಿ ಅಲ್ಲಿಯ ವಿಶ್ವಾಸಿಗಳಿಗೆ ಹೆಚ್ಚಾಗಿ ನೆರವಾದನು.

ನಮ್ಮಲ್ಲಿ ಕೆಲವರು, ಅನ್ಯಮತದವರ ಮಾತಿಗೆ ಕಿವಿಗೊಟ್ಟರೆ ನಂಬಿಕೆ ಕೆಟ್ಟೀತೆಂದು ಭಯಪಡುತ್ತಾರೆ. ಈ ಭಯವನ್ನು ಹಗುರಾಗಿ ನೋಡಬಾರದು. ದೀಕ್ಷಾಸ್ನಾನಕ್ಕಾಗಿ ಬಂಧುಬಳಗವನ್ನು ಕಳಕೊಂಡವನು ತಾನು ಪಡೆದದ್ದನ್ನು ಬಿಗಿಯಾಗಿ ಹಿಡಿಯುವದು ಸಹಜ. ಆದರೆ ಅಥಣಿ, ರಾಯಬಾಗ, ಚಿಕ್ಕೋಡಿಯ ಸೀಮೆಗಳಲ್ಲಿ ನಮ್ಮ ಹೊಲದ ಬದುವಿನಾಚೆಗೆ ಲಿಂಗಾಯತರೂ ಜೈನರೂ ಮುಸಲ್ಮಾನರೂ ಇದ್ದಾರೆ. ಅವರೊಡನೆ ಮಾತಾಡದೆ ಒಂದು ದಿನವಾದರೂ ಕಳೆಯುವದುಂಟೇ?

ಕಾಗವಾಡದ ಕಡೆಯ ಜೈನ ನೆರೆಯವರನ್ನೇ ತಕ್ಕೊಳ್ಳಿರಿ. ದಿಗಂಬರ ಆಚಾರ್ಯ ಶಾಂತಿಸಾಗರರ (1872–1955) ಊರಾದ ಭೋಜವು ನಿಪ್ಪಾಣಿಗೆ ಸಮೀಪವೇ. ಜೈನರಲ್ಲಿ ಅನೇಕಾಂತವೆಂಬ ಉಪದೇಶವಿದೆ: ಒಂದು ವಸ್ತುವಿಗೆ ಅನೇಕ ಮುಖಗಳುಂಟು, ಒಂದೇ ಕಡೆಯಿಂದ ನೋಡಿದವನು ಎಲ್ಲವನ್ನೂ ಕಂಡೆನೆನ್ನಬಾರದು. ಈ ಮಾತನ್ನು ನಾವು ಪೂರ್ಣವಾಗಿ ಒಪ್ಪಲಾರೆವು. ಕ್ರಿಸ್ತನನ್ನು ಹಲವು ನೋಟಗಳಲ್ಲಿ ಒಂದೆಂದು ಎಣಿಸಲಿಕ್ಕೆ ನಮ್ಮ ಮನಸ್ಸಾಕ್ಷಿ ಬಿಡದು. ಆದರೆ ಕ್ರಿಸ್ತನು ಪರಿಪೂರ್ಣನಾದ ಮಾತ್ರಕ್ಕೆ ಆತನ ವಿಷಯವಾದ ನಮ್ಮ ತಿಳುವಳಿಕೆಯೂ ಪರಿಪೂರ್ಣವಾಗಲಿಲ್ಲ. ಪೌಲನೇ ತನ್ನ ಅರಿವು ಅರೆಕೊರೆಯಾದದ್ದೆಂದು ಕೊರಿಂಥದವರಿಗೆ ಒಪ್ಪಿಕೊಂಡಿದ್ದಾನೆ (1 ಕೊರಿಂಥ 13). ಇದನ್ನು ಮರೆತವನು ಕರ್ತನನ್ನು ಬಿಟ್ಟು ತನ್ನನ್ನೇ ಸಾಧಿಸುತ್ತಾನೆ. ಸಂತೆಯಲ್ಲಿ ಕೂಗಾಡಿ ಗೆದ್ದುಬಂದೆವೆಂದು ಹಿಗ್ಗುವವರನ್ನು ಕಂಡಿದ್ದೇನೆ. ಅವರಿಂದ ಒಬ್ಬನಾದರೂ ಸಭೆಗೆ ಬಂದದ್ದನ್ನು ಕಾಣೆನು.

ಬಾಸೆಲ್ ಮಿಶನಿನ ಕಿಟ್ಟೆಲ್ ಅಯ್ಯನವರು 1853ರಲ್ಲಿ ಈ ದೇಶಕ್ಕೆ ಬಂದದ್ದು ಸುವಾರ್ತೆ ಸಾರುವದಕ್ಕಾಗಿಯೇ. ಆದಾಗ್ಯೂ ಅವರು ಜೈನನಾದ ಕೇಶಿರಾಜನ ವ್ಯಾಕರಣವನ್ನು ಶೋಧಿಸಿ 1872ರಲ್ಲಿ ಅಚ್ಚು ಹಾಕಿಸಿದರು. 1894ರಲ್ಲಿ ಹೊರಬಂದ ಅವರ ನಿಘಂಟು ಎಲ್ಲಾ ಮತದವರ ಗ್ರಂಥಗಳಿಂದಲೂ ಬಾಯಿಮಾತಿನಿಂದಲೂ ಶಬ್ದಗಳನ್ನು ಕೂಡಿಸಿತು. ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳುವ ಕಥಾಮಾಲೆಯನ್ನು 1862ರಲ್ಲಿ ಪ್ರಕಟಿಸಿದವರೂ ಅವರೇ. ಪರರ ಬಳಿಯಲ್ಲಿ ಇಷ್ಟು ಕಾಲ ಶಿಷ್ಯನಂತೆ ಕುಳಿತರೂ 1903ರಲ್ಲಿ ತೀರಿಕೊಳ್ಳುವ ವರೆಗೆ ಅವರು ಕ್ರಿಸ್ತನವರಾಗಿಯೇ ಉಳಿದರು.

ಹಾಗಾದರೆ ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು? ಪೌಲನು ತಿಮೊಥೆಯನಿಗೆ ತಾನೇ ಸುನ್ನತಿ ಮಾಡಿಸಿದನು (ಅ. ಕೃ. 16: 3). ತೀತನ ವಿಷಯದಲ್ಲಿಯಾದರೋ ಒಂದು ಗಳಿಗೆಯೂ ಮಣಿಯಲಿಲ್ಲ (ಗಲಾತ್ಯ 2: 3–5). ಕ್ರಿಯೆ ಒಂದೇ, ತೀರ್ಪು ಎರಡು. ಯಾಕಂದರೆ ಮೊದಲನೆಯದು ಕೇಳುವವರಿಗೆ ಅಡ್ಡಿಯಾಗದಿರಲೆಂದು, ಎರಡನೆಯದರಲ್ಲಿ ರಕ್ಷಣೆಯೇ ಸುನ್ನತಿಯ ಮೇಲೆ ನಿಂತಿದೆಯೆಂದು ಒತ್ತಾಯಿಸುವವರಿದ್ದರು. ಆರಾಧನೆ ಕನ್ನಡದಲ್ಲೋ ಮರಾಠಿಯಲ್ಲೋ, ಭಜನೆಗೆ ತಾಳ ಮದ್ದಳೆ ಸಲ್ಲುವವೋ ಇಲ್ಲವೋ ಎಂದು ಸಭೆ ಒಡೆಯುವವರು ಈ ಎರಡು ಭಾಗಗಳನ್ನು ಒಟ್ಟಿಗೆ ಓದಲಿ. ಇಂಥವುಗಳಲ್ಲಿ ಹಿರಿಯರು ಕಿರಿಯರ ಮಾತನ್ನೂ ಗಂಡಸರು ಹೆಂಗಸರ ಮಾತನ್ನೂ ಕೇಳಲು ಯಾವ ಅಡ್ಡಿಯೂ ಇಲ್ಲ.

ಮನೆಯಲ್ಲಿ ಓದತಕ್ಕದ್ದು: ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯ. ಮುಂದಿನ ಕೂಟಕ್ಕೆ ಬರುವಾಗ ಪ್ರತಿಯೊಬ್ಬರೂ ನೆರೆಯವರಲ್ಲಿ ಒಬ್ಬರ ನಂಬಿಕೆಯನ್ನು ಅವರಿಂದಲೇ ಕೇಳಿ ತಿಳಿದು, ಅವರು ಒಪ್ಪುವ ಹಾಗೆ ಅದನ್ನು ಸಭೆಗೆ ಹೇಳಲಿ. ಉತ್ತರ ಕೊಡುವದು ಅದರ ಮುಂದಿನ ಕೂಟದಲ್ಲಿ.