ಕೈ ನಿಲ್ಲದ ಮನೆಯಲ್ಲಿ ಡೌನ್ ಪೇಮೆಂಟ್

ಮನೆಯ ಬೆಲೆಯಷ್ಟೂ ಹಣವನ್ನು ಯಾವ ಬ್ಯಾಂಕೂ ಸಾಲವಾಗಿ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಗೃಹಸಾಲ 30 ಲಕ್ಷ ರೂಪಾಯಿಯವರೆಗೆ ಇದ್ದರೆ ಆಸ್ತಿ ಮೌಲ್ಯದ ಶೇ 90, 30ರಿಂದ 75 ಲಕ್ಷದವರೆಗೆ ಶೇ 80, ಅದನ್ನೂ ಮೀರಿದರೆ ಶೇ 75 ಗರಿಷ್ಠ ಮಿತಿ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳು ಸಾಮಾನ್ಯವಾಗಿ ಈ ಲೆಕ್ಕದ ಹೊರಗೆ ಉಳಿಯುತ್ತವೆ. ಬೆಂಗಳೂರಿನಲ್ಲಿ 60 ಲಕ್ಷಕ್ಕೆ ಹಳೆಯ ಫ್ಲ್ಯಾಟ್ ಒಂದನ್ನು ಕೊಳ್ಳುವವರಿಗೆ ಹೆಚ್ಚೆಂದರೆ 48 ಲಕ್ಷ ಸಾಲ ಸಿಗುತ್ತದೆ. 12 ಲಕ್ಷ ಕೈಯಿಂದ ಹೋಗಬೇಕು. ಶೇ 5ರ ಮುದ್ರಾಂಕ ಶುಲ್ಕಕ್ಕೆ ಸೆಸ್, ಸರ್ಚಾರ್ಜ್ ಸೇರಿ ಶೇ 5.6 ಆಗುತ್ತದೆ. 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕವನ್ನೂ ಕೂಡಿಸಿದರೆ ಇನ್ನು 4.56 ಲಕ್ಷ ಬೇಕು. ಒಟ್ಟು 16.56 ಲಕ್ಷ. ಖಾತೆ ಬದಲಾವಣೆ, ಸುಣ್ಣ ಬಣ್ಣ, ಸಾಮಾನು ಸಾಗಣೆಯ ಖರ್ಚು ಇದರಲ್ಲಿ ಸೇರಿಲ್ಲ. ಮುದ್ರಾಂಕ ಶುಲ್ಕವನ್ನು ಕ್ರಯದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಕಟ್ಟಬೇಕು ಎಂಬುದನ್ನೂ ಮೊದಲೇ ತಿಳಿದಿರಬೇಕು.

ತಿಂಗಳಿಗೆ 30,000 ರೂಪಾಯಿಯನ್ನು ಶೇ 6.5ರ ಬಡ್ಡಿಯಲ್ಲಿ ಆರ್‌ಡಿಗೆ ಕಟ್ಟಿದರೆ ನಾಲ್ಕು ವರ್ಷಕ್ಕೆ ಸುಮಾರು 16.5 ಲಕ್ಷವಾಗುತ್ತದೆ. ಬಡ್ಡಿಗೆ ತೆರಿಗೆ ಬೇರೆ ಉಂಟು. ಆದರೂ ಗುರಿ ಹತ್ತಿರವೇ. ಅದೇ ಮನೆಯಲ್ಲಿ ಒಬ್ಬರ ಕೈ ನಿಲ್ಲದೆ ತಿಂಗಳಿಗೆ 8,000 ಜಾರಿ, 22,000 ಮಾತ್ರ ಕಟ್ಟಲಾಯಿತು ಎಂದಿಟ್ಟುಕೊಂಡರೆ ನಾಲ್ಕು ವರ್ಷದ ಕೊನೆಗೆ ಸಿಗುವುದು ಸುಮಾರು 12 ಲಕ್ಷ. ಡೌನ್ ಪೇಮೆಂಟ್‌ಗೆ ಸರಿಹೋಯಿತು, ನೋಂದಣಿಗೆ ದುಡ್ಡಿಲ್ಲ. ತಿಂಗಳಿಗೆ 8,000 ರೂಪಾಯಿ ಎಂದರೆ ಎರಡು ಹೋಟೆಲ್ ಊಟ, ಆನ್‌ಲೈನ್‌ನಲ್ಲಿ ತರಿಸಿದ ಎರಡು ಜೊತೆ ಬಟ್ಟೆ, ಗೆಳೆಯನಿಗೆ ಕೊಟ್ಟ ಒಂದು ಕೈಸಾಲ. ಯಾವುದೂ ಆ ಹೊತ್ತಿಗೆ ದೊಡ್ಡದಾಗಿ ಕಾಣುವುದಿಲ್ಲ.

ಈ ಅಂಕಣಕಾರ್ತಿಯ ಮನೆಯಲ್ಲಿ ಮೊದಲ ಎರಡು ವರ್ಷ ಆದದ್ದೂ ಇದೇ. ಗಂಡ ಉದಾರಿ. ಸಂಬಳ ಬಂದ ವಾರ ತಂಗಿಯ ಮಕ್ಕಳಿಗೆ ಸೈಕಲ್, ಆಫೀಸಿನವರಿಗೆ ಪಾರ್ಟಿ, ಕಂತಿನಲ್ಲಿ ಹೊಸ ಫೋನು. ಇಪ್ಪತ್ತನೇ ತಾರೀಖಿಗೆ ಹೆಂಡತಿಯ ಖಾತೆಯಿಂದ ಪೆಟ್ರೋಲು. ಆಕೆ ಪುಸ್ತಕ ಇಟ್ಟು ಪ್ರತಿ ಖರ್ಚನ್ನೂ ಬರೆದಳು, ಭಾನುವಾರ ಓದಿ ಹೇಳಿದಳು. ಆರು ತಿಂಗಳಲ್ಲಿ ಖರ್ಚು ಒಂದಿಷ್ಟೂ ತಗ್ಗಲಿಲ್ಲ, ಹೇಳದೆ ಮಾಡುವ ಖರ್ಚು ಮಾತ್ರ ಹೆಚ್ಚಿತು. ಕಾವಲು ಕಾಯುವುದರಿಂದ ಹಣ ಉಳಿಯುವುದಿಲ್ಲ ಎಂಬುದು ಆ ಮನೆ ಕಲಿತ ಮೊದಲ ಪಾಠ. ಖರ್ಚು ಮಾಡುವವರು ಲೆಕ್ಕ ಬಾರದವರೇನಲ್ಲ. ಖಾತೆಯಲ್ಲಿ ಕಾಣುವ ಮೊತ್ತವೆಲ್ಲ ಖರ್ಚಿಗೆ ಇರುವುದೇ ಎಂದು ಅವರಿಗೆ ಅನಿಸುತ್ತದೆ. ಆದ್ದರಿಂದ ಉಳಿತಾಯದ ಹಣ ಕಣ್ಣಿಗೆ ಬೀಳುವ ಮೊದಲೇ ಹೊರಟುಹೋಗುವ ಏರ್ಪಾಟು ಬೇಕು.

ಏರ್ಪಾಟಿಗೆ ಮುಂಚೆ ಒಂದು ಕಷ್ಟದ ಕೆಲಸವಿದೆ: ಇಬ್ಬರೂ ತಮ್ಮ ತಮ್ಮ ಸಾಲಗಳನ್ನು ಒಂದೇ ಹಾಳೆಯಲ್ಲಿ ಬರೆಯುವುದು. ಕ್ರೆಡಿಟ್ ಕಾರ್ಡ್ ಬಾಕಿ, ಪರ್ಸನಲ್ ಲೋನ್, ಚಿನ್ನದ ಸಾಲ, ಫೋನಿನ ಕಂತು, ಸ್ನೇಹಿತರ ಕೈಸಾಲ, ಯಾರಿಗೋ ಹಾಕಿದ ಜಾಮೀನು, ಎಲ್ಲವೂ. ಕ್ರೆಡಿಟ್ ಕಾರ್ಡಿನ ಬಾಕಿಗೆ ಸಾಮಾನ್ಯವಾಗಿ ತಿಂಗಳಿಗೆ ಶೇ 3.5ರ ಆಸುಪಾಸು ಬಡ್ಡಿ ಬೀಳುತ್ತದೆ, ವರ್ಷಕ್ಕೆ ಶೇ 42. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಒಂದು ಲಕ್ಷ ಬಾಕಿ ಉಳಿಸಿಕೊಂಡವರು ತಿಂಗಳಿಗೆ ಸುಮಾರು 4,100 ರೂಪಾಯಿಯನ್ನು ಸುಮ್ಮನೆ ಕೊಡುತ್ತಾರೆ. ಬಿಲ್ಲಿನಲ್ಲಿ ತೋರಿಸುವ ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿದರೆ ಹೊಸ ಖರೀದಿಗೂ ಬಡ್ಡಿರಹಿತ ಅವಧಿ ತಪ್ಪಿಹೋಗುತ್ತದೆ. ಶೇ 6.5ಕ್ಕೆ ಆರ್‌ಡಿ ಕಟ್ಟುತ್ತಾ ಶೇ 42ರ ಬಾಕಿ ಇಟ್ಟುಕೊಳ್ಳುವುದು ಉಳಿತಾಯವೇ ಅಲ್ಲ; ಮೊದಲು ಕಾರ್ಡು ತೀರಬೇಕು. ‘ನೋ ಕಾಸ್ಟ್ ಇಎಂಐ’ ಎಂಬ ಕಂತಿನ ಬಗ್ಗೆಯೂ ಎಚ್ಚರ ಬೇಕು. ಶೂನ್ಯ ಬಡ್ಡಿ ಎಂಬ ಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿಯು ಸಂಸ್ಕರಣಾ ಶುಲ್ಕದಲ್ಲೋ, ಕೈತಪ್ಪಿದ ರಿಯಾಯಿತಿಯಲ್ಲೋ ಅಡಗಿರುತ್ತದೆ.

ಈ ಹಾಳೆಯನ್ನು ತೆರೆದಿಡುವಾಗ ಜಗಳವಾಗದಿರಲು ಅಂಕಣಕಾರ್ತಿಯ ಮನೆಯಲ್ಲಿ ಒಂದು ಮಾತು ಮೊದಲೇ ಆಗಿತ್ತು: ಅಂದಿನವರೆಗಿನ ಸಾಲಕ್ಕೆ ಯಾರೂ ಯಾರನ್ನೂ ದೂರಬಾರದು, ಹಾಳೆಯಲ್ಲಿ ಬರೆಯದೆ ಮುಚ್ಚಿಟ್ಟದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ಹೆಂಡತಿಗೆ ಗೊತ್ತಿಲ್ಲದ 1.4 ಲಕ್ಷದ ಕಾರ್ಡ್ ಬಾಕಿ ಅಂದು ಹೊರಬಂತು. ಅದನ್ನು ತೀರಿಸಲು ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳು ಮನೆಯ ಹೆಸರಿನಲ್ಲಿ ಒಂದು ರೂಪಾಯಿಯೂ ಕೂಡಲಿಲ್ಲ.

ನಂತರದ ಏರ್ಪಾಟು ಸರಳ. ಸಂಬಳ ಬೀಳುವ ಖಾತೆಯಿಂದ ಮರುದಿನವೇ ಆರ್‌ಡಿಯ ಕಂತು ತಾನಾಗಿ ಕಡಿತವಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿಡಬೇಕು. ಬಾಡಿಗೆ, ದಿನಸಿ, ಶಾಲಾ ಶುಲ್ಕ, ಕರೆಂಟು ಬಿಲ್ಲಿಗೆ ಜಂಟಿ ಖಾತೆ ಒಂದು. ಇದಲ್ಲದೆ ಇಬ್ಬರಿಗೂ ಒಂದೊಂದು ಸ್ವಂತದ ಖಾತೆ. ಅದಕ್ಕೆ ಪ್ರತಿ ತಿಂಗಳು ನಿಗದಿಯಾದ ಮೊತ್ತ ಬೀಳುತ್ತದೆ. ಅದರಿಂದ ಏನು ಕೊಂಡರೆಂದು ಇನ್ನೊಬ್ಬರು ಕೇಳುವಂತಿಲ್ಲ. ಯುಪಿಐ ಆ್ಯಪ್‌ಗೆ ಈ ಖಾತೆ ಮಾತ್ರ ಜೋಡಣೆಯಾಗಿರಬೇಕು. ಆ ಖಾತೆ ಬರಿದಾದರೆ ತಿಂಗಳ ಖರ್ಚು ಅಲ್ಲಿಗೆ ಮುಗಿಯಿತು. ಪೇಮೆಂಟು ಬೆರಳ ತುದಿಯಲ್ಲಿರುವ ಕಾಲದಲ್ಲಿ ಮನಸ್ಸಿನ ಗಟ್ಟಿತನಕ್ಕಿಂತ ಖಾಲಿ ಖಾತೆಯೇ ಹೆಚ್ಚು ನಂಬಿಕೆಗೆ ಅರ್ಹ.

ಈ ಸ್ವಂತದ ಮೊತ್ತವನ್ನು ತೀರಾ ಕಡಿಮೆ ಇಡುವುದು ದೊಡ್ಡ ತಪ್ಪು. ಉದಾರ ಸ್ವಭಾವದವರಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಮಾಡಿದರೆ ಮೂರನೇ ತಿಂಗಳಿಗೆ ಕಾರ್ಡು ಮತ್ತೆ ಹೊರಬರುತ್ತದೆ. ಅಂಕಣಕಾರ್ತಿಯ ಗಂಡ 7,000 ಕೇಳಿದರು, ಆಕೆ 3,000 ಎಂದಳು, 5,500ಕ್ಕೆ ಒಪ್ಪಂದವಾಯಿತು. ಆಕೆಗೂ ಅಷ್ಟೇ. ಅವಳದು ಪ್ರತಿ ತಿಂಗಳೂ ಮಿಗುತ್ತಿತ್ತು, ಆದರೆ ಮೊತ್ತ ಸಮನಾಗಿತ್ತು. ಒಬ್ಬರು ಮನೆಯ ಖಜಾಂಚಿ, ಇನ್ನೊಬ್ಬರು ಕೈಯೊಡ್ಡುವವರು ಆದರೆ ಯಾವ ಲೆಕ್ಕವೂ ಬಾಳುವುದಿಲ್ಲ.

ಆರ್‌ಡಿಯಾಗಲಿ, ಮುಗಿದ ಮೇಲೆ ಅದೇ ಹಣದ ಎಫ್‌ಡಿಯಾಗಲಿ ಇಬ್ಬರ ಹೆಸರಿನಲ್ಲಿದ್ದು, ಹಿಂಪಡೆಯಲು ಇಬ್ಬರ ಸಹಿಯೂ ಬೇಕೆಂದು ಅರ್ಜಿಯಲ್ಲೇ ಬರೆಸುವುದು ಒಳ್ಳೆಯದು. ಒಬ್ಬರದೇ ಹೆಸರಿನ ಎಫ್‌ಡಿಯನ್ನು ರಾತ್ರಿ ಹನ್ನೊಂದಕ್ಕೆ ಫೋನಿನಲ್ಲೇ ಮುರಿಸಬಹುದು. ಇಬ್ಬರ ಸಹಿಯದಕ್ಕೆ ಸಾಮಾನ್ಯವಾಗಿ ಶಾಖೆಗೇ ಹೋಗಬೇಕು. ಆ ನಡುವಿನ ಒಂದು ದಿನದಲ್ಲಿ ಎಷ್ಟೋ ಆಸೆಗಳು ತಣ್ಣಗಾಗುತ್ತವೆ. ಒಂದು ಬ್ಯಾಂಕಿನಲ್ಲಿರುವ ಠೇವಣಿಗೆ ವಿಮೆಯ ರಕ್ಷಣೆ 5 ಲಕ್ಷದವರೆಗೆ ಮಾತ್ರ, ಆದ್ದರಿಂದ ಮೊತ್ತ ಬೆಳೆದಂತೆ ಎರಡು ಮೂರು ಬ್ಯಾಂಕುಗಳಲ್ಲಿ ಹಂಚಿಡಬೇಕು. ನಾಲ್ಕೈದು ವರ್ಷದಲ್ಲಿ ಬೇಕಾಗುವ ಹಣವನ್ನು ಷೇರಿನಲ್ಲಿ ಇಡುವುದು ಸರಿಯಲ್ಲ.

ಚೀಟಿಯ ಮಾತು ಬಾರದೆ ಕರ್ನಾಟಕದ ಮನೆಗಳಲ್ಲಿ ಉಳಿತಾಯದ ಮಾತು ಮುಗಿಯುವುದಿಲ್ಲ. ತಿಂಗಳ ಕಂತು ತಪ್ಪಿಸಿದರೆ ಹತ್ತು ಜನರ ಮುಂದೆ ಮುಖ ತೋರಿಸಬೇಕು. ಈ ಮುಜುಗರವೇ ಕೈ ನಿಲ್ಲದವರಿಂದಲೂ ಕಟ್ಟಿಸುತ್ತದೆ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಯಲ್ಲಿ ನಡೆಸುವವರ ಕಮಿಷನ್ ಶೇ 7 ಮೀರುವಂತಿಲ್ಲ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ. ಬೀದಿಯ ಬಾಯಿಮಾತಿನ ಚೀಟಿಗೆ ಇಂಥ ಯಾವ ಕಟ್ಟೂ ಇಲ್ಲ. ಮನೆಯ ಡೌನ್ ಪೇಮೆಂಟನ್ನು ಅಲ್ಲಿ ಇಡಲೇಬಾರದು.

ಗೃಹಸಾಲಕ್ಕೆ ಇಬ್ಬರೂ ಅರ್ಜಿ ಹಾಕಿದಾಗ ಬ್ಯಾಂಕು ಇಬ್ಬರ ಕ್ರೆಡಿಟ್ ಸ್ಕೋರನ್ನೂ ನೋಡುತ್ತದೆ. ಒಬ್ಬರು ತಪ್ಪಿಸಿದ ಕಂತು ಇಬ್ಬರ ಅರ್ಜಿಗೂ ಅಡ್ಡ ಬರುತ್ತದೆ. ನಡೆಯುತ್ತಿರುವ ಕಂತುಗಳು ಸಾಲದ ಅರ್ಹತೆಯನ್ನು ಎಷ್ಟು ತಿನ್ನುತ್ತವೆ ಎಂಬುದನ್ನು ಬಹಳ ಮಂದಿ ಎಣಿಸಿರುವುದಿಲ್ಲ. ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಸಾಲಕ್ಕೆ ಲಕ್ಷಕ್ಕೆ ಸುಮಾರು 868 ರೂಪಾಯಿ ಕಂತು. ಆದಾಯದ ಮಿತಿಗೆ ತಾಗಿಕೊಂಡಿರುವ ದಂಪತಿಗೆ ಬೈಕು, ಫೋನು, ಟಿವಿಗಳ ಕಂತು ಸೇರಿ 8,000 ಇದ್ದರೆ ಸಿಗುವ ಗೃಹಸಾಲ ಸುಮಾರು 9 ಲಕ್ಷದಷ್ಟು ಕುಗ್ಗುತ್ತದೆ. 48 ಲಕ್ಷದ ಸಾಲಕ್ಕೆ ಕಂತು ಸುಮಾರು 41,650. ಬಾಡಿಗೆ 18,000, ಆರ್‌ಡಿ 30,000 ಎರಡನ್ನೂ ನಾಲ್ಕು ವರ್ಷ ತಪ್ಪದೆ ಕಟ್ಟಿದವರು 48,000ದ ರೂಢಿ ಮಾಡಿಕೊಂಡಿರುತ್ತಾರೆ. ಇಎಂಐ ಕಟ್ಟಿ ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ, ಆಸ್ತಿ ತೆರಿಗೆಗೂ ಅವರಿಗೆ ಹಣ ಉಳಿಯುತ್ತದೆ. ಈ ರೂಢಿ ಬರುವ ಮೊದಲೇ ಹೆತ್ತವರಿಂದ ಹಣ ತಂದು ಮನೆ ಕೊಂಡವರ ಪಾಡು ಬೇರೆ.

ಕ್ರಯಪತ್ರ ಇಬ್ಬರ ಹೆಸರಿನಲ್ಲಾಗಬೇಕು. ಹಾಕಿದ ಹಣದಲ್ಲಿ ದೊಡ್ಡ ಅಂತರವಿದ್ದರೆ ಯಾರ ಪಾಲು ಎಷ್ಟೆಂದು ಅದರಲ್ಲೇ ಬರೆಸಬಹುದು.

ಕೆಲವು ಮನೆಗಳಲ್ಲಿ ಇದು ಕೈ ನಿಲ್ಲದಿರುವುದಷ್ಟೇ ಆಗಿರುವುದಿಲ್ಲ. ಹಾಳೆ ಬರೆದ ಮೇಲೂ ಹೊಸ ಸಾಲ ಮತ್ತೆ ಮತ್ತೆ ಹೊರಬರುವುದು, ಒಡವೆ ಕಾಣೆಯಾಗುವುದು, ಆ್ಯಪ್ ಸಾಲದವರು ನೆಂಟರಿಗೆಲ್ಲ ಫೋನು ಮಾಡುವುದು ನಡೆದಿದ್ದರೆ ಜೂಜು, ಕುಡಿತದಂಥ ಚಟವಿರುವ ಸಾಧ್ಯತೆ ಇದೆ. ಅಂಥಲ್ಲಿ ಜಂಟಿ ಸಾಲಕ್ಕೆ ಸಹಿ ಹಾಕಬಾರದು, ಏಕೆಂದರೆ ಒಬ್ಬರು ಕಟ್ಟದಿದ್ದರೆ ಪೂರ್ತಿ ಸಾಲಕ್ಕೆ ಇನ್ನೊಬ್ಬರೇ ಹೊಣೆ. ಮೊದಲು ಚಿಕಿತ್ಸೆ, ಆಮೇಲೆ ಮನೆ.

ಅಂಕಣಕಾರ್ತಿಯ ಮನೆಯಲ್ಲಿ ಕಾರ್ಡ್ ಬಾಕಿ ತೀರಿದ ಮೇಲೆ ಡೌನ್ ಪೇಮೆಂಟ್ ಕೂಡಲು ಐದು ವರ್ಷ ಎರಡು ತಿಂಗಳು ಹಿಡಿಯಿತು. ನಡುವೆ ಗಂಡ ಎರಡು ಬಾರಿ ಎಫ್‌ಡಿ ಮುರಿಸೋಣ ಎಂದಿದ್ದರು: ಒಮ್ಮೆ ಕಾರಿಗೆ, ಇನ್ನೊಮ್ಮೆ ತಮ್ಮನ ಮದುವೆಗೆ. ಆದರೂ ಆ ಅರ್ಜಿಗೆ ಇಬ್ಬರ ಸಹಿ ಬಿದ್ದದ್ದು ಒಮ್ಮೆ ಮಾತ್ರ, ನೋಂದಣಿಗೆ ಮೂರು ದಿನ ಮೊದಲು.