ಗಂಟೆಯಿಲ್ಲದ ತರಗತಿ

ಕಾಲೇಜಿನ ಗಂಟೆಗೆ ಒಂದು ವಿಶೇಷ ಶಕ್ತಿಯುಂಟು. ಅದು ಹೊಡೆದೊಡನೆ ಹರಟೆ ನಿಲ್ಲುತ್ತದೆ. ಮನಸ್ಸು ಒಲ್ಲೆನೆಂದರೂ ಕಾಲುಗಳು ತರಗತಿಯತ್ತ ನಡೆಯುತ್ತವೆ. ವಿದ್ಯಾರ್ಥಿಯು ತನ್ನದೆಂದು ಭಾವಿಸಿಕೊಂಡ ಶಿಸ್ತಿನಲ್ಲಿ ಬಹುಪಾಲು ಈ ಗಂಟೆಗೆ ಸೇರಿದ್ದು. 2020ರ ಮಾರ್ಚ್ ತಿಂಗಳಲ್ಲಿ ಅದು ಹಠಾತ್ತನೆ ಮೌನವಾಯಿತು.

ಕೋವಿಡ್ ವ್ಯಾಧಿ ಹರಡದಂತೆ ತಡೆಯುವ ಸಲುವಾಗಿ ಆ ತಿಂಗಳ ನಡುವಿನಲ್ಲಿ ಕರ್ನಾಟಕದ ಕಾಲೇಜುಗಳು ಬಾಗಿಲು ಮುಚ್ಚಿದವು. 25ರಿಂದ ದೇಶಕ್ಕೆ ದೇಶವೇ ಮನೆಯೊಳಗೆ ಕುಳಿತಿತು. ಜಗತ್ತಿನಾದ್ಯಂತ ತರಗತಿಯಿಂದ ಹೊರಗುಳಿದವರ ಸಂಖ್ಯೆ 150 ಕೋಟಿಯನ್ನು ಮೀರಿತೆಂದು ಯುನೆಸ್ಕೋ ಸಂಸ್ಥೆ ಲೆಕ್ಕ ಹಾಕಿತು. ಪಾಠ ನಿಲ್ಲಬಾರದೆಂದು ಅಧ್ಯಾಪಕರು ಅಂತರ್ಜಾಲದ ಮೊರೆಹೊಕ್ಕರು. ಝೂಮ್, ಗೂಗಲ್ ಮೀಟ್ ಎಂಬ ಹೆಸರುಗಳು ಹಳ್ಳಿಯ ಜಗಲಿಯ ಮೇಲೂ ಕೇಳಿಬಂದವು.

ಎಲ್ಲರ ಜಗಲಿಯ ಮೇಲೂ ಅಲ್ಲ. ಮನೆಗೆ ಒಂದೇ ಮೊಬೈಲು. ಕಲಿಯುವ ಮಕ್ಕಳು ಇಬ್ಬರೋ ಮೂವರೋ. ಸಹ್ಯಾದ್ರಿಯ ಮಡಿಲಿನ ಊರುಗಳಲ್ಲಿ ಸಂಪರ್ಕ ಸಿಗದೆ ಮಕ್ಕಳು ಗುಡ್ಡ ಹತ್ತಿ, ಟಾರ್ಪಾಲಿನ ಮರೆಯಲ್ಲಿ ಕುಳಿತು ಪಾಠ ಕೇಳಿದರು. 2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಯ ಬದಿಯಲ್ಲಿ ಕುಳಿತು ಓದುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರ ನಾಡಿನ ಪತ್ರಿಕೆಗಳಲ್ಲಿ ಪ್ರಕಟವಾಯಿತು. ಇಂಥ ಕೊರತೆಯನ್ನು ವಿದ್ಯಾರ್ಥಿಯ ಶ್ರದ್ಧೆಯೊಂದರಿಂದಲೇ ನೀಗಬಹುದೆಂದು ಹೇಳುವುದು ಅನ್ಯಾಯ.

ಸಂಪರ್ಕವಿದ್ದವರ ಕಷ್ಟ ಬೇರೆ ಬಗೆಯದು. ಪರದೆಯ ಮೇಲೆ ಹೆಸರು ಇರುತ್ತಿತ್ತು, ಹಾಜರಿಯೂ ಬೀಳುತ್ತಿತ್ತು. ವಿದ್ಯಾರ್ಥಿ ಮಾತ್ರ ಅಡಿಗೆಮನೆಯಲ್ಲಿರುತ್ತಿದ್ದ. ಕೊಠಡಿಯಲ್ಲಾದರೆ ಅರ್ಥವಾಗದೆ ಬಾಡಿದ ಮುಖವೊಂದನ್ನು ಕಂಡು ಅಧ್ಯಾಪಕರು ಹೇಳಿದ್ದನ್ನೇ ಮತ್ತೊಮ್ಮೆ ಹೇಳುತ್ತಾರೆ. ಕ್ಯಾಮೆರಾ ಮುಚ್ಚಿಕೊಂಡವನ ಮುಖವನ್ನು ನೋಡುವವರಾರು? ಮುದ್ರಿತ ಪಾಠಗಳಂತೂ ಮಹಾ ಮೋಸಗಾರರು. ಯಾವಾಗ ಬೇಕಾದರೂ ನೋಡಬಹುದಾದ ಪಾಠವನ್ನು ನಾಳೆ ನೋಡಿದರಾಯಿತೆಂದು ಬಿಟ್ಟವನಿಗೆ ತಿಂಗಳ ಕೊನೆಯಲ್ಲಿ ಅದು ಬಡ್ಡಿ ಬೆಳೆದ ಸಾಲವಾಗಿ ಎದುರು ನಿಲ್ಲುತ್ತಿತ್ತು.

ಸಾಲಕ್ಕೆ ಸಿಕ್ಕದವರೂ ಇದ್ದರು. ಅವರು ಮಾಡಿದ್ದು ದೊಡ್ಡದೇನಲ್ಲ. ಮನೆಯ ಒಂದು ಮೂಲೆಯನ್ನು ಓದಿಗೆಂದು ಮೀಸಲಿಟ್ಟರು. ಕಾಲೇಜಿನ ವೇಳಾಪಟ್ಟಿಯನ್ನೇ ಗೋಡೆಗೆ ಅಂಟಿಸಿ ಆ ಹೊತ್ತಿಗೆ ಅಲ್ಲಿ ಕುಳಿತರು. ಹಾಸಿಗೆಯ ಮೇಲೆ ಮಲಗಿ ತರ್ಕಶಾಸ್ತ್ರ ಕಲಿತವರೂ ಇದ್ದಾರು. ಆದರೆ ಅಂಥವರು ವಿರಳ. ಪಾಠದ ವೇಳೆಯಲ್ಲಿ ಬೇರೆ ಸಂದೇಶಗಳ ಸದ್ದನ್ನು ಅಡಗಿಸಿ, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಬರೆದುಕೊಂಡರು. ಎಲ್ಲಕ್ಕಿಂತ ಮಿಗಿಲಾಗಿ, ಪಾಠ ಮುಗಿದ ಮೇಲೆ ಪುಸ್ತಕ ಮುಚ್ಚಿ, ನೆನಪಿಗೆ ಬಂದಷ್ಟನ್ನು ಬರೆದು ನೋಡಿದರು.

ಈ ಕೊನೆಯ ಅಭ್ಯಾಸಕ್ಕೆ ಶಾಸ್ತ್ರದ ಬೆಂಬಲವಿದೆ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಬಹುಬೇಗ ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತನ್ನ ಮೇಲೆಯೇ ಪ್ರಯೋಗ ನಡೆಸಿ ತೋರಿಸಿದ್ದನು. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟು, ಕೆಲವರಿಂದ ಮತ್ತೆ ಮತ್ತೆ ಓದಿಸಿದರು. ಉಳಿದವರಿಂದ ನೋಡದೆ ಬರೆಸಿದರು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಓದಿದವರೇ ಮುಂದು. ಒಂದು ವಾರ ಕಳೆದ ಮೇಲೆ ನೋಡದೆ ಬರೆದವರೇ ಹೆಚ್ಚು ನೆನಪಿಟ್ಟಿದ್ದರು. ವಿಚಿತ್ರವೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆಂಬ ಭರವಸೆ ಮತ್ತೆ ಮತ್ತೆ ಓದಿದವರಲ್ಲಿಯೇ ಹೆಚ್ಚಾಗಿತ್ತು! ಶ್ರವಣದ ಬಳಿಕ ಮನನವನ್ನು ಇಟ್ಟ ನಮ್ಮ ಹಿರಿಯರಿಗೆ ಈ ಫಲಿತಾಂಶ ಅಚ್ಚರಿ ತರುತ್ತಿರಲಿಲ್ಲ.

ಒಂಟಿತನವೂ ಓದಿಗೆ ಶತ್ರು. ಆದ್ದರಿಂದ ಕೆಲವರು ಮೂವರು ನಾಲ್ವರು ಗೆಳೆಯರ ಗುಂಪು ಕಟ್ಟಿಕೊಂಡು, ಸಂಜೆ ದೂರವಾಣಿಯಲ್ಲಿ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿದರು.

2020ರ ನವೆಂಬರ್ 17ರಂದು ಕರ್ನಾಟಕದ ಪದವಿ ಕಾಲೇಜುಗಳು ಮತ್ತೆ ತೆರೆದವು. ಬರುವವರು ಸೋಂಕಿಲ್ಲವೆಂಬ ಪರೀಕ್ಷೆಯ ವರದಿಯನ್ನೂ ಹೆತ್ತವರ ಒಪ್ಪಿಗೆ ಪತ್ರವನ್ನೂ ತರಬೇಕಿತ್ತು. ಬಾರದವರು ಮನೆಯಲ್ಲಿಯೇ ಪರದೆಯ ಮುಂದೆ ಕುಳಿತು ಪಾಠ ಕೇಳಬಹುದಿತ್ತು. ಮೊದಲ ದಿನ ಬೆಂಚುಗಳು ಬಹುಮಟ್ಟಿಗೆ ಬರಿದಾಗಿದ್ದವು. ಗಂಟೆಯೇನೋ ಮೊಳಗಿತು, ಮನೆಯಲ್ಲಿದ್ದವರಿಗೆ ಅದು ಕೇಳಿಸುವಂತಿರಲಿಲ್ಲ.