ನಿಂತುಹೋದ ಹಳಿಯ ಮೇಲೆ ಮತ್ತೆ ಉಗಿಬಂಡಿ

ಮೆಲ್ಬರ್ನ್ ನಗರದಿಂದ ಪೂರ್ವಕ್ಕೆ ಸುಮಾರು 40 ಕಿ.ಮೀ. ದೂರದಲ್ಲಿ ಡ್ಯಾಂಡೆನಾಂಗ್ ಬೆಟ್ಟಸಾಲು ಇದೆ. ಅಲ್ಲಿ ಬೆಲ್‌ಗ್ರೇವ್‌ನಿಂದ ಜೆಮ್‌ಬ್ರೂಕ್‌ವರೆಗೆ ಸುಮಾರು 24 ಕಿ.ಮೀ. 'ಪಫಿಂಗ್ ಬಿಲ್ಲಿ' ಎಂಬ ಉಗಿಬಂಡಿ ಓಡುತ್ತದೆ. ಊರಿನಿಂದ ಅಜ್ಜ-ಅಜ್ಜಿ ಬಂದರೆ ನಮ್ಮಲ್ಲಿ ಅನೇಕರು ಅವರನ್ನು ಕರೆದುಕೊಂಡು ಹೋಗುವ ಜಾಗ ಇದು. ಮಕ್ಕಳೇ, ಈ ರೈಲು ಒಮ್ಮೆ ಪೂರ್ತಿ ನಿಂತುಹೋಗಿತ್ತು ಎಂದು ನಿಮಗೆ ಗೊತ್ತೇ? ಅದು ಏಕೆ ನಿಂತಿತು, ಮತ್ತೆ ಹೇಗೆ ಹೊರಟಿತು ಎಂದು ತಿಳಿದುಕೊಳ್ಳೋಣ ಬನ್ನಿ.

ಹಳಿ ಏಕೆ ಇಷ್ಟು ಕಿರಿದು?

1890ರ ದಶಕದಲ್ಲಿ ವಿಕ್ಟೋರಿಯಾದಲ್ಲಿ ಹಣದ ಮುಗ್ಗಟ್ಟು. ಬೆಟ್ಟದ ಹಳ್ಳಿಗಳಿಗೆ ಕಡಿಮೆ ಖರ್ಚಿನಲ್ಲಿ ರೈಲು ಬೇಕಾಗಿತ್ತು. ಆ ರಾಜ್ಯದ ಮುಖ್ಯ ಹಳಿಗಳ ಅಗಲ 1600 ಮಿ.ಮೀ.; ಇಲ್ಲಿ ಹಾಕಿದ್ದು ಕೇವಲ 762 ಮಿ.ಮೀ. ಹಳಿ ಕಿರಿದಾದರೆ ಬಂಡಿ ಬಿಗಿಯಾದ ತಿರುವುಗಳಲ್ಲೂ ತಿರುಗಬಲ್ಲದು, ಗುಡ್ಡವನ್ನು ಹೆಚ್ಚು ಕಡಿಯಬೇಕಾಗಿಲ್ಲ. ಈ ದಾರಿಯ ಕಡಿದಾದ ಏರು 30ಕ್ಕೆ 1, ಅಂದರೆ 30 ಮೀಟರ್ ಮುಂದೆ ಹೋಗುವಷ್ಟರಲ್ಲಿ 1 ಮೀಟರ್ ಮೇಲಕ್ಕೆ.

1900ರ ಡಿಸೆಂಬರ್ 18ರಂದು ಅಪ್ಪರ್ ಫರ್ನ್‌ಟ್ರೀ ಗಲ್ಲಿಯಿಂದ ಜೆಮ್‌ಬ್ರೂಕ್‌ಗೆ ರೈಲು ಶುರುವಾಯಿತು. ಮರಮುಟ್ಟು, ಆಲೂಗಡ್ಡೆ, ನರ್ಸರಿಯ ಸಸಿಗಳು, ಜನ, ಎಲ್ಲವೂ ಇದರಲ್ಲೇ ಹೋಗಿಬರುತ್ತಿದ್ದವು.

ನಮ್ಮ ಊರಿನಲ್ಲೂ ಇತ್ತು

ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಓಡುತ್ತಿದ್ದ ನ್ಯಾರೋಗೇಜ್ ರೈಲಿನ ಹಳಿಯೂ ಇದೇ 762 ಮಿ.ಮೀ. ಕಾಲ್ಕಾ-ಶಿಮ್ಲಾ ದಾರಿಯ ಅಳತೆಯೂ ಅದೇ.

ಹೇಗೆ ನಿಂತಿತು?

ರಸ್ತೆಗಳಾದವು, ಲಾರಿಗಳು ಬಂದವು. ರೈಲಿಗೆ ಸರಕು ಕಡಿಮೆಯಾಗಿ ನಷ್ಟ ಬೆಳೆಯಿತು. 1953ರಲ್ಲಿ ಸೆಲ್ಬಿ ಮತ್ತು ಮೆಂಝೀಸ್ ಕ್ರೀಕ್ ನಡುವೆ ಗುಡ್ಡ ಕುಸಿದು ಹಳಿ ಮುಚ್ಚಿತು. ಲಾಭವಿಲ್ಲದ ದಾರಿಯನ್ನು ದುರಸ್ತಿ ಮಾಡುವವರು ಯಾರು? 1954ರಲ್ಲಿ ಮಾರ್ಗವನ್ನು ಅಧಿಕೃತವಾಗಿ ಮುಚ್ಚಲಾಯಿತು. ಆದರೆ ಆ ವರ್ಷದ ಕೊನೆಯಲ್ಲಿ ಮಕ್ಕಳಿಗಾಗಿ ಏರ್ಪಡಿಸಿದ ವಿದಾಯದ ಪ್ರಯಾಣಕ್ಕೆ ಜನ ಮುಗಿಬಿದ್ದರು. ರೈಲು ಬೇಡವಾಗಿದ್ದು ಲೆಕ್ಕದ ಪುಸ್ತಕಕ್ಕೆ, ಜನಕ್ಕಲ್ಲ ಎಂದು ಆಗ ತಿಳಿಯಿತು.

ಹಂತ ಹಂತವಾಗಿ ಮರಳಿದ ದಾರಿ

1955ರಲ್ಲಿ ಅಭಿಮಾನಿಗಳು ಸಂರಕ್ಷಣಾ ಸಂಘ ಕಟ್ಟಿದರು. ಕುಸಿತಕ್ಕಿಂತ ಈಚೆಗೆ ಉಳಿದಿದ್ದ ಬೆಲ್‌ಗ್ರೇವ್‌ವರೆಗಿನ ಭಾಗದಲ್ಲಿ 1958ರವರೆಗೆ ರೈಲು ಓಡಿತು. ನಂತರ ಆ ಭಾಗವೂ ಕೈತಪ್ಪಿತು. ಅದನ್ನು ಅಗಲವಾದ ಹಳಿಗೆ ಬದಲಾಯಿಸಿ ವಿದ್ಯುತ್ ರೈಲು ತಂದರು. ಸಂಘಕ್ಕೆ ಉಳಿದದ್ದು ಬೆಲ್‌ಗ್ರೇವ್‌ನಿಂದ ಆಚೆಗಿನ, ಗುಡ್ಡ ಕುಸಿದಿದ್ದ ದಾರಿ ಮಾತ್ರ. ಅವರು ಬಿಡಲಿಲ್ಲ. ಸೇನೆಯವರ ನೆರವಿನಿಂದ ಕುಸಿತವನ್ನು ಸುತ್ತಿ ಹೋಗುವ ಹೊಸ ದಾರಿ ಮಾಡಿದರು.

1962: ಮೆಂಝೀಸ್ ಕ್ರೀಕ್‌ವರೆಗೆ
1965: ಎಮರಾಲ್ಡ್‌ವರೆಗೆ
1975: ಲೇಕ್‌ಸೈಡ್‌ವರೆಗೆ
1998: ಜೆಮ್‌ಬ್ರೂಕ್‌ವರೆಗೆ

ಮುಚ್ಚಿದ ವರ್ಷದಿಂದ ಕೊನೆಯ ಊರು ತಲುಪಲು 44 ವರ್ಷ! ಹುಡುಗರಾಗಿ ಕೆಲಸಕ್ಕೆ ಇಳಿದವರು ಅಷ್ಟರಲ್ಲಿ ಅಜ್ಜಂದಿರಾಗುವ ವಯಸ್ಸಿಗೆ ಬಂದಿದ್ದರು.

ಓಡಿಸುವುದು ಸುಲಭವೇ?

ಬೆಂಕಿಯ ಬಿಸಿಗೆ ಬಾಯ್ಲರಿನ ನೀರು ಉಗಿಯಾಗುತ್ತದೆ. ಆ ಉಗಿ ಪಿಸ್ಟನ್ನನ್ನು ತಳ್ಳಿ ಚಕ್ರ ತಿರುಗಿಸುತ್ತದೆ. ಕೆಲಸ ಮುಗಿದ ಉಗಿ ಚಿಮಣಿಯಿಂದ ಹೊರಬರುವಾಗ ಕೇಳುವುದೇ 'ಛುಕ್ ಛುಕ್' ಸದ್ದು. ಬೆಳಗಿನ ರೈಲಿಗೆ ಗಂಟೆಗಟ್ಟಲೆ ಮುಂಚೆಯೇ ಬೆಂಕಿ ಹೊತ್ತಿಸಬೇಕು. ಈ ದಾರಿಗಳಿಗೆಂದು ತಯಾರಾದ 'ಎನ್‌ಎ' ವರ್ಗದ 17 ಎಂಜಿನ್‌ಗಳಲ್ಲಿ ಉಳಿದಿರುವುದು 6 ಮಾತ್ರ. ಇವುಗಳ ಬಿಡಿಭಾಗ ಅಂಗಡಿಯಲ್ಲಿ ಸಿಗುವುದಿಲ್ಲ. ಮರದ ಸೇತುವೆಯನ್ನೂ ಆಗಾಗ ದುರಸ್ತಿ ಮಾಡುತ್ತಿರಬೇಕು. ಕಾಡ್ಗಿಚ್ಚಿನ ಭಯದಿಂದ ಬೆಂಕಿ ಪೂರ್ತಿ ನಿಷೇಧವಾದ ದಿನಗಳಲ್ಲಿ ಉಗಿ ಎಂಜಿನ್ನಿಗೆ ರಜೆ, ಡೀಸೆಲ್ ಎಂಜಿನ್ನಿಗೆ ಕೆಲಸ. ಇಂದು ಸಂಬಳದ ಸಿಬ್ಬಂದಿ ಇದ್ದಾರೆ. ಆದರೂ ನೂರಾರು ಸ್ವಯಂಸೇವಕರಿಲ್ಲದೆ ಈ ರೈಲು ನಡೆಯುವುದಿಲ್ಲ.

ನಾವು ಕಲಿಯುವುದೇನು?

ಕೋಲಾರದ ಹಳಿ ಹಂತ ಹಂತವಾಗಿ ಬ್ರಾಡ್‌ಗೇಜ್ ಆಯಿತು. ಜನರ ದಿನನಿತ್ಯದ ಓಡಾಟಕ್ಕೆ ಅದು ಬೇಕಿತ್ತು. ಪಫಿಂಗ್ ಬಿಲ್ಲಿಯ ಹಳಿ ಹಳೆಯ ರೂಪದಲ್ಲೇ ಉಳಿಯಿತು. ಎರಡೂ ಬದುಕುವ ದಾರಿಗಳೇ. ಆದರೆ ಎರಡನೆಯದಕ್ಕೆ ಹಣ ಮಾತ್ರ ಸಾಲದು. ಬಾಯ್ಲರ್ ನೋಡಿಕೊಳ್ಳುವ ವಿದ್ಯೆಯನ್ನು ಹಿರಿಯರು ಕಿರಿಯರಿಗೆ ಕೈಹಿಡಿದು ಕಲಿಸಬೇಕು. ಒಂದು ತಲೆಮಾರು ತಪ್ಪಿದರೆ ಎಂಜಿನ್ ಇದ್ದರೂ ಓಡಿಸುವವರು ಇರುವುದಿಲ್ಲ. ವಾರಾಂತ್ಯದಲ್ಲಿ ಕನ್ನಡ ಕಲಿಸುವ, ಕಲಿಯುವ ನಮಗೆ ಇದು ಅರ್ಥವಾಗದ ಮಾತೇನಲ್ಲ.

ಅಭ್ಯಾಸ

1. 30ಕ್ಕೆ 1ರ ಏರಿನಲ್ಲಿ ರೈಲು 600 ಮೀಟರ್ ಮುಂದೆ ಹೋದರೆ ಎಷ್ಟು ಮೀಟರ್ ಮೇಲೇರುತ್ತದೆ?
2. ಈ ಮಾರ್ಗ ಮುಚ್ಚಲು ಗುಡ್ಡಕುಸಿತ ಒಂದೇ ಕಾರಣವೇ? ಯೋಚಿಸಿ ಬರೆಯಿರಿ.
3. ನಿಮ್ಮ ಅಜ್ಜ-ಅಜ್ಜಿ ಉಗಿಬಂಡಿಯಲ್ಲಿ ಪ್ರಯಾಣ ಮಾಡಿದ್ದಾರೆಯೇ? ಕೇಳಿ, ಐದು ವಾಕ್ಯಗಳಲ್ಲಿ ಕನ್ನಡದಲ್ಲಿ ಬರೆದು ತನ್ನಿ.